ಹೊನ್ನಾವರದ ಹದಿಮೂರು ಶಾಲೆಗಳು

ನನ್ನ ತವರು ಸಿದ್ದಾಪುರ ತಾಲೂಕು. ಕೊಟ್ಟದ್ದು ಶಿರಸಿಗೆ, ತಂಗಿಯನ್ನು ಕೊಟ್ಟದ್ದು ಯಲ್ಲಾಪುರದ ಕಡೆಗೆ. ಹೀಗಾಗಿ ನಮ್ಮ ಹೋಗಿಬರುವುದು, ನೆಂಟಸ್ತನ, ಮುನಿಸು ಎಲ್ಲ ಘಟ್ಟದ ಮೇಲೆಯೇ ಮುಗಿದುಹೋಗುತ್ತಿತ್ತು. ಘಟ್ಟ ಇಳಿಯುವುದೆಂದರೆ ಗೋಕರ್ಣಕ್ಕೋ ಇಡಗುಂಜಿಗೋ ಹರಕೆ ಒಪ್ಪಿಸುವುದಕ್ಕೆ. ಇಡಗುಂಜಿಗೆ ಹೋಗುವಾಗ ನಡುವೆ ಹೊನ್ನಾವರ ಸಿಗುತ್ತಿತ್ತು. ಮಾವಿನಗುಂಡಿ ದಾಟಿ ಬಸ್ಸು ಗೇರುಸೊಪ್ಪೆಯ ಘಟ್ಟ ಇಳಿಯಲು ಸುರುಮಾಡಿತೆಂದರೆ ನಮ್ಮ ಪೈಕಿ ಅರ್ಧ ಜನ ಲಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚುವವರು. ಕೆಳಗೆ ಇಳಿದ ಮೇಲೆ ಸೆಕೆ, ಮೀನಿನ ವಾಸನೆ, ಶರಾವತಿಯ ಅಗಲವಾದ ನೀರು. ಬಹಳ ವರ್ಷ ಹೊನ್ನಾವರ ಎಂದರೆ ನನಗೆ ಇಷ್ಟೇ ಆಗಿತ್ತು. ಅಲ್ಲಿ ನೋಡುವಂಥದ್ದು ಏನಾದರೂ ಇದ್ದೀತು ಎಂದು ನಮ್ಮಲ್ಲಿ ಯಾರಿಗೂ ಅನಿಸಿದ್ದಿಲ್ಲ. ಹತ್ತಿರದ ಊರಿನ ಹಣೆಬರಹವೇ ಹಾಗೆ.

ಆ ಊರನ್ನು ನನಗೆ ತೋರಿಸಿಕೊಟ್ಟವನು ಮೊರಾಕ್ಕೊ ದೇಶದವನು. ಹೆಸರು ಇಬ್ನ್ ಬತೂತ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಮಹಮ್ಮದ್ ಬಿನ್ ತುಘಲಕನ ಪಾಠದ ಕೆಳಗೆ ಒಂದು ಸಾಲಿನಲ್ಲಿ ಬರುವ ಹೆಸರು. ನಾವೆಲ್ಲ ಬಾಯಿಪಾಠ ಮಾಡಿ ಮರೆತದ್ದು. ಮಗ ಕಾಲೇಜಿನಲ್ಲಿದ್ದಾಗ ಒಂದು ಮಳೆಗಾಲ ಲೈಬ್ರರಿಯಿಂದ ಅವನ ಪ್ರವಾಸದ ಪುಸ್ತಕ ತಂದಿಟ್ಟಿದ್ದ. ಬರೋಡದಲ್ಲಿ 1953ರಲ್ಲಿ ಅಚ್ಚಾದ, ಮಹದಿ ಹುಸೇನರ ಇಂಗ್ಲಿಷ್ ಅನುವಾದ. ನನ್ನ ಇಂಗ್ಲಿಷು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುವಷ್ಟರದು. ಸುಮ್ಮನೆ ಪುಟ ತಿರುಗಿಸುತ್ತಿದ್ದವಳಿಗೆ 'ಹಿನವ್ರ್' ಎಂಬ ಊರು ಸಿಕ್ಕಿತು. ಕೆಳಗೆ ಟಿಪ್ಪಣಿಯಲ್ಲಿ ಅದು ಹೊನ್ನಾವರ ಎಂದಿತ್ತು. ಒಲೆಯ ಮೇಲಿಟ್ಟ ಹಾಲು ಅವತ್ತು ಉಕ್ಕಿಹೋಯಿತು.

ಅವನ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1304ರಲ್ಲಿ, ಟ್ಯಾಂಜಿಯರ್ ಎಂಬ ಊರಿನಲ್ಲಿ. ಇಪ್ಪತ್ತೊಂದನೆಯ ವಯಸ್ಸಿಗೆ ಮೆಕ್ಕಾ ಯಾತ್ರೆಗೆಂದು ಮನೆಬಿಟ್ಟವನು ಇಪ್ಪತ್ತನಾಲ್ಕು ವರ್ಷ ತಿರುಗಿದ. ದಿಲ್ಲಿಯಲ್ಲಿ ತುಘಲಕನ ಕೈಕೆಳಗೆ ಕಾಜಿಯಾಗಿದ್ದ. ಆ ಸುಲ್ತಾನ ಇವನನ್ನು ಉಡುಗೊರೆಗಳ ಸಮೇತ ಚೀನಾ ದೇಶಕ್ಕೆ ರಾಯಭಾರಿಯಾಗಿ ಕಳಿಸಿದ. 1342ರ ಸುಮಾರಿಗೆ ಹಡಗಿನಲ್ಲಿ ಕರಾವಳಿಗುಂಟ ಇಳಿಯುವಾಗ ಮೊದಲ ಸಲ ಹೊನ್ನಾವರಕ್ಕೆ ಬಂದ. ಮುಂದೆ ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಉಡುಗೊರೆ ಹೊತ್ತ ಹಡಗು ಒಡೆದುಹೋಯಿತು. ಬರಿಗೈಯಲ್ಲಿ ದಿಲ್ಲಿಗೆ ಹೋದರೆ ತುಘಲಕ ಸುಮ್ಮನೆ ಬಿಡುವವನಲ್ಲ. ಎಲ್ಲಿ ಹೋಗಲಿ ಎಂದು ಯೋಚಿಸಿದವನು ಹಿಂದೆ ಒಂದು ಸಲ ಊಟ ಹಾಕಿದ್ದ ಹೊನ್ನಾವರದ ದೊರೆಯನ್ನು ನೆನೆಸಿಕೊಂಡು ಅಲ್ಲಿಗೇ ಮರಳಿದ. ಕಷ್ಟದಲ್ಲಿ ಎಲ್ಲರೂ ಹೋಗುವುದು ಒಳ್ಳೆಯ ಊಟ ಸಿಕ್ಕಿದ ಮನೆಗೇ ತಾನೆ!

ಆ ದೊರೆ ಜಮಾಲುದ್ದೀನ್. ಅವನ ತಂದೆ ಹಸನ್ ಹಡಗುಗಳ ಒಡೆಯನಾಗಿದ್ದವನು. ಜಮಾಲುದ್ದೀನನಿಗೆ ಕಡಲಿನಲ್ಲಿ ಎಷ್ಟು ಬಲವಿತ್ತೆಂದರೆ ಮಲಬಾರಿನವರು ಅವನಿಗೆ ಹೆದರಿ ವರ್ಷಕ್ಕಿಷ್ಟು ಎಂದು ಕಪ್ಪ ಕೊಡುತ್ತಿದ್ದರಂತೆ. ನೆಲದ ಮೇಲೆ ಮಾತ್ರ ಅವನೂ ಇನ್ನೊಬ್ಬ ಹಿಂದೂ ಅರಸನಿಗೆ ಅಧೀನ. ಆ ಅರಸನ ಹೆಸರನ್ನು ಇಬ್ನ್ ಬತೂತ 'ಹರ್ಯಬ್' ಎಂದು ಬರೆಸಿದ್ದಾನೆ. ವಿಜಯನಗರದ ಹರಿಹರನೇ ಇವನು ಎಂದು ಅನೇಕ ಚರಿತ್ರೆಕಾರರು ತಿಳಿಯುತ್ತಾರೆ. ವಿಜಯನಗರ ಹುಟ್ಟಿ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ.

ಮರಳಿ ಬಂದವನಿಗೆ ಜಮಾಲುದ್ದೀನ ಒಂದು ಮನೆ ಕೊಟ್ಟ. ಆಳುಕಾಳು ಇಲ್ಲದ ಮನೆ. ತನ್ನ ಜೊತೆ ನಮಾಜಿಗೆ ಬಾ ಎಂದ. ಇಬ್ನ್ ಬತೂತ ಹೆಚ್ಚು ಹೊತ್ತು ಮಸೀದಿಯಲ್ಲೇ ಕಳೆಯುತ್ತ, ದಿನಕ್ಕೊಂದು ಸಲ, ಆಮೇಲೆ ದಿನಕ್ಕೆರಡು ಸಲ ಕುರಾನನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದನಂತೆ. ದಿಲ್ಲಿಯಲ್ಲಿ ದೊಡ್ಡ ಸಂಬಳ ಎಣಿಸಿಕೊಂಡವನು ಇಲ್ಲಿ ಪರರ ಅನ್ನಕ್ಕೆ ಕಾದು ಕೂತಿದ್ದ. ಆಮೇಲೆ ಈ ದೊರೆ 52 ಹಡಗು ಕಟ್ಟಿಕೊಂಡು ಗೋವೆಯ ಮೇಲೆ ದಂಡೆತ್ತಿ ಹೋದಾಗ ಇವನೂ ಜೊತೆಗೆ ಹೋದ. ಅಂತೂ ಒಟ್ಟು ಹನ್ನೊಂದು ತಿಂಗಳು ಅವನ ಆಶ್ರಯದಲ್ಲಿ ಉಂಡ ಲೆಕ್ಕ ಕೊಟ್ಟಿದ್ದಾನೆ. ದಂಡಿನ ಕತೆ ಗಂಡಸರು ಓದಿಕೊಳ್ಳಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಊಟದ ಕತೆ.

ಮೊದಲು ತಾಮ್ರದ ಮೇಜು, ಅದರ ಮೇಲೆ ತಾಮ್ರದ ದೊಡ್ಡ ತಟ್ಟೆ. ಅದಕ್ಕೆ ಅವನು ಕೊಟ್ಟ ಹೆಸರು 'ತಾಲಂ'. ನಮ್ಮ ತಳಿಗೆಯ ನೆಂಟನೇ ಇರಬೇಕು. ರೇಷ್ಮೆ ಉಟ್ಟ ದಾಸಿಯೊಬ್ಬಳು ಅಡಿಗೆಯ ಪಾತ್ರೆಗಳನ್ನು ತಂದಿಟ್ಟುಕೊಂಡು, ತಾಮ್ರದ ದೊಡ್ಡ ಸೌಟಿನಲ್ಲಿ ಒಂದು ಸೌಟು ಅನ್ನ ಬಡಿಸಿ, ಮೇಲೆ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಉಪ್ಪಿನಕಾಯಿ: ಗೊಂಚಲು ಗೊಂಚಲಾಗಿಯೇ ಉಪ್ಪಿಗೆ ಹಾಕಿದ ಹಸಿ ಕಾಳುಮೆಣಸು, ಹಸಿಶುಂಠಿ, ಲಿಂಬೆ, ಮಾವು. ಒಂದು ತುತ್ತು ಅನ್ನ, ಅದರ ಹಿಂದೆ ಒಂದಿಷ್ಟು ಉಪ್ಪಿನಕಾಯಿ. ಮೊದಲ ಸೌಟು ಮುಗಿದರೆ ಇನ್ನೊಂದು ಸೌಟು ಅನ್ನ, ಅದಕ್ಕೆ ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತುಪ್ಪದಲ್ಲಿ ಬೇಯಿಸಿದ ಕಾಯಿಪಲ್ಲೆ, ಹಾಲಿನ ಪದಾರ್ಥ. ಎಲ್ಲದರ ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನು ಬಡಿಸುವುದು ಏನೂ ಇಲ್ಲ ಎಂದು ತಿಳಿಯಬೇಕಂತೆ. ಆಮೇಲೆ ಕುಡಿಯುವುದಕ್ಕೆ ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗುವುದಿಲ್ಲ ಎನ್ನುವುದಕ್ಕೆ.

ಓದುತ್ತ ಓದುತ್ತ ನಗು ಬಂತು. ಕೋಳಿ, ಮೀನು ತೆಗೆದುಬಿಟ್ಟರೆ ಇದು ನಮ್ಮ ಮನೆಯ ಎಲೆಯೇ. ಆಯಿ ಆಗ ನನ್ನ ಮನೆಗೆ ಬಂದಿದ್ದಳು. ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳಿದೆ. ಹಸಿಮೆಣಸಿನ ಗೊಂಚಲು ಎಂದ ಕೂಡಲೇ ಆಯಿ, "ಕಾಳು ಬಲಿಯುವ ಮುಂಚೆ ಕೊಯ್ದಿರಬೇಕು, ಇಲ್ಲದಿದ್ದರೆ ಗೊಂಚಲು ಹಾಗೇ ನಿಲ್ತಿಲ್ಲೆ" ಎಂದಳು. ಬಿಸಿನೀರಿನ ಮಾತಿಗೆ ತಲೆಯಾಡಿಸಿದಳು. ನಮ್ಮ ಮನೆಯಲ್ಲಿ ಜೂನ್ ಹಿಡಿದ ಮೇಲೆ ಯಾರಿಗೂ ತಣ್ಣೀರು ಕೊಟ್ಟದ್ದು ನನಗೆ ನೆನಪಿಲ್ಲ.

ಒಂದು ಸಂಗತಿ ಆಯಿಯ ಕಣ್ಣು ತಪ್ಪಲಿಲ್ಲ. "ಮೆಣಸಿನಕಾಯಿ ಎಲ್ಲಿ ಹೋತೆ ಕೂಸೆ?" ಎಂದು ಕೇಳಿದಳು. ಆಗ ಈ ದೇಶಕ್ಕೆ ಮೆಣಸಿನಕಾಯಿ ಬಂದೇ ಇರಲಿಲ್ಲ. ಅದು ಅಮೆರಿಕದ ಗಿಡ. ಪೋರ್ಚುಗೀಸರು ಬಂದ ಮೇಲೆ, ಎಂದರೆ ಇಬ್ನ್ ಬತೂತ ಹೋಗಿ ನೂರೈವತ್ತು ವರ್ಷ ದಾಟಿದ ಮೇಲೆ ಇಲ್ಲಿ ಬೇರೂರಿತು. ಅಲ್ಲಿಯವರೆಗೆ ಖಾರ ಎಂದರೆ ಕಾಳುಮೆಣಸು ಮತ್ತು ಶುಂಠಿ. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟೆವು; ಹಳೆಯದನ್ನು 'ಕಾಳು' ಎಂದು ಬೇರೆ ಮಾಡಿ ಕರೆದೆವು. ನಮ್ಮ ಮನೆಯ ಶ್ರಾದ್ಧದ ಅಡಿಗೆಗೆ ಇಂದಿಗೂ ಮೆಣಸಿನಕಾಯಿ ಹಾಕುವುದಿಲ್ಲ, ಕಾಳುಮೆಣಸೇ. ಪಿತೃಗಳಿಗೆ ಅವರ ಕಾಲದ ರುಚಿಯನ್ನೇ ಬಡಿಸುತ್ತೇವೆ ಎಂದು ನನಗೆ ಹೊಳೆದದ್ದು ಆ ದಿನ.

ಹನ್ನೊಂದು ತಿಂಗಳು ಬರಿ ಅನ್ನವನ್ನೇ ಉಂಡೆ, ರೊಟ್ಟಿಯ ಮುಖ ನೋಡಲಿಲ್ಲ ಎಂದು ಅವನು ಹೇಳಿಕೊಂಡಿದ್ದಾನೆ. ಮುಂದೆ ಮಾಲ್ಡೀವ್ಸ್, ಸಿಂಹಳ, ತಮಿಳು ಕರಾವಳಿ, ಮಲಬಾರ್ ಎಂದು ಮೂರು ವರ್ಷ ಅನ್ನವೇ ಆಗಿ, ಕೊನೆಕೊನೆಗೆ ನೀರು ಕುಡಿಯದೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಆಯಿಗೆ ಪಾಪ ಅನಿಸಿತು. "ಆ ಹೆಣ್ಣುಮಕ್ಕಳು ಒಂದು ದಿನ ಅವಂಗೆ ಒಂದು ದೋಸೆಯಾದರೂ ಎರೆದುಕೊಡಲಾಗಿತ್ತು" ಎಂದಳು.

ಈ ಮೆಣಸಿನ ಗೊಂಚಲು ನನ್ನನ್ನು ಘಟ್ಟ ಹತ್ತಿಸಿತು. ಹೊನ್ನಾವರದ ಬೆನ್ನಿಗೆ ಇರುವುದು ನಮ್ಮ ಮೆಣಸಿನ ನಾಡು. ಶರಾವತಿ ಜೋಗದಲ್ಲಿ ಸಿದ್ದಾಪುರದ ಸೆರಗಿನಲ್ಲೇ ಧುಮುಕಿ, ಗೇರುಸೊಪ್ಪೆಯ ಬಳಿ ದೋಣಿ ಹೋಗುವಷ್ಟು ಶಾಂತವಾಗಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಸಿದ್ದಾಪುರದ ಸರಕು ಗೇರುಸೊಪ್ಪೆಗೋ ಕುಮಟೆಗೋ ಇಳಿಯುತ್ತಿತ್ತು. ಶಿರಸಿಯದು ದೇವಿಮನೆ ಘಟ್ಟದಲ್ಲಿ ಕುಮಟೆಗೆ. ಯಲ್ಲಾಪುರದ್ದು ಅರಬೈಲು ಘಟ್ಟದಲ್ಲಿ ಅಂಕೋಲೆಗೆ. ಹೇರೆತ್ತುಗಳ ಬೆನ್ನಿನ ಮೇಲೆ ಮೆಣಸು, ಅಡಿಕೆ, ಯಾಲಕ್ಕಿ ಇಳಿದು ಅದೇ ಬೆನ್ನಿನ ಮೇಲೆ ಉಪ್ಪು ಹತ್ತುತ್ತಿತ್ತು. ನಮ್ಮ ತೋಟದ ಬಳ್ಳಿಯದು ನಮ್ಮ ಕಣ್ಣಿಗೆ ಕಾಣದ ಯಾವ ಯಾವ ದೇಶದ ಅಡಿಗೆಮನೆ ಸೇರಿತೋ! 1801ರಲ್ಲಿ ಇಂಗ್ಲಿಷರ ಕಡೆಯಿಂದ ಬಂದ ಬುಕಾನನ್ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿ ಎಲ್ಲ ಸುತ್ತಿ ಇಲ್ಲಿನ ಅಡಿಕೆ ತೋಟ, ಮೆಣಸಿನ ಬಳ್ಳಿಗಳ ವಿಚಾರ ಬರೆದಿಟ್ಟ. ಅದಕ್ಕೂ ಹಿಂದೆ, ಹದಿನಾರನೆಯ ಶತಮಾನದಲ್ಲಿ, ಗೇರುಸೊಪ್ಪೆಯಲ್ಲಿ ಕೂತು ಈ ಮೆಣಸಿನ ವ್ಯಾಪಾರವನ್ನು ಹಿಡಿತದಲ್ಲಿಟ್ಟವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳಿಗೆ ಮೆಣಸಿನ ರಾಣಿ ಎಂದೇ ಹೆಸರಿಟ್ಟಿದ್ದರು. ಅವಳ ಕತೆ ಈಗ ಎಲ್ಲರ ಬಾಯಲ್ಲಿದೆ; ಇನ್ನೊಮ್ಮೆ ಹೇಳುವುದಿಲ್ಲ.

ಹೇಳಬೇಕಾದದ್ದು ಊಟ ಮುಗಿದ ಮೇಲಿನ ಒಂದು ಪುಟದ ಮಾತು. ಹೊನ್ನಾವರದ ಹೆಂಗಸರ ಉಡುಗೆಯನ್ನು ಇಬ್ನ್ ಬತೂತ ಗಮನಿಸಿದ. ಹೊಲಿಗೆ ಇಲ್ಲದ ಒಂದೇ ಬಟ್ಟೆ. ಒಂದು ತುದಿ ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆಯ ಮೇಲೆ, ಹೆಗಲ ಮೇಲೆ ಹೊದೆಯುತ್ತಾರೆ. ಮೂಗಿನಲ್ಲಿ ಬಂಗಾರದ ಬಳೆ. ಚೆಲುವೆಯರು, ಗುಣವಂತೆಯರು ಎಂದು ಸರ್ಟಿಫಿಕೇಟು ಕೊಟ್ಟಿದ್ದಾನೆ. ಇದಿಷ್ಟನ್ನು ಯಾವ ಪ್ರವಾಸಿಯೂ ಬರೆದಾನು. ಆಮೇಲೆ ಹೇಳುತ್ತಾನೆ: ಇಲ್ಲಿನ ಹೆಂಗಸರಿಗೆಲ್ಲ ಕುರಾನು ಬಾಯಿಪಾಠ. ಊರಿನಲ್ಲಿ ಹೆಣ್ಣುಮಕ್ಕಳಿಗೆಂದೇ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ. ಕೈರೋ, ದಮಾಸ್ಕಸ್, ಬಾಗ್ದಾದ್, ದಿಲ್ಲಿ ನೋಡಿಬಂದವನ ಮಾತು ಇದು.

ನಾನು ಆ ಸಾಲನ್ನು ಮೂರು ಸಲ ಓದಿದೆ. 1342. ಹೊನ್ನಾವರ. ಹೆಣ್ಣುಮಕ್ಕಳಿಗೆ 13 ಶಾಲೆ.

ಉಬ್ಬಿಹೋಗುವುದಕ್ಕೆ ಮುಂಚೆ ಒಂದೆರಡು ಮಾತು ಹೇಳಬೇಕು. ಅವನು ಈ ಕತೆಯನ್ನೆಲ್ಲ ಬರೆಸಿದ್ದು ಊರಿಗೆ ಮರಳಿದ ಮೇಲೆ. ಪುಸ್ತಕ ಮುಗಿದದ್ದು 1355ರಲ್ಲಿ. ನಡುವೆ ಇದೇ ಹೊನ್ನಾವರಕ್ಕೂ ಬಾರ್ಕೂರಿಗೂ ಮಧ್ಯೆ ಕಡಲುಗಳ್ಳರು ಅವನನ್ನು ಹಿಡಿದು ಉಟ್ಟ ಚಲ್ಲಣ ಒಂದು ಬಿಟ್ಟು ಎಲ್ಲ ಕಿತ್ತುಕೊಂಡಿದ್ದರು. ಹದಿಮೂರು ಎನ್ನುವುದು ನೆನಪಿನ ಲೆಕ್ಕ. ಹನ್ನೆರಡೂ ಇರಬಹುದು, ಹದಿನಾಲ್ಕೂ ಇರಬಹುದು. ಇನ್ನೊಂದು, ಅವನು ಕಂಡದ್ದು ಆ ಬಂದರದ ಮುಸಲ್ಮಾನರ ಕೇರಿಯನ್ನು. ಅಲ್ಲಿ ಕಲಿಸುತ್ತಿದ್ದುದು ಕುರಾನು. ಬಾಯಿಪಾಠ ಬರುವುದು ಬೇರೆ, ಲೆಕ್ಕದ ಪುಸ್ತಕ ಓದಲು ಬರುವುದು ಬೇರೆ. ಊರಿನ ಎಲ್ಲ ಹೆಂಗಸರೂ ಎಂದು ಅವನು ಹೇಳಿದರೂ, ಆ ತಾಮ್ರದ ಸೌಟು ಹಿಡಿದು ಬಡಿಸುತ್ತಿದ್ದ ದಾಸಿ ಯಾವ ಶಾಲೆಯ ಮೆಟ್ಟಿಲು ಹತ್ತಿದ್ದಳು? ಅವಳ ಹೆಸರನ್ನೂ ಅವನು ಬರೆಸಲಿಲ್ಲ. ಅವನೇನು ಹೆಂಗಸರ ಪಕ್ಷದವನಲ್ಲ. ಹೋದಲ್ಲಿ ದಾಸಿಯರನ್ನು ಕೊಳ್ಳುತ್ತಿದ್ದ, ಮಾಲ್ಡೀವ್ಸಿನಲ್ಲಿ ಸಾಲಾಗಿ ಮದುವೆಯಾದ, ಅಲ್ಲಿನ ಹೆಂಗಸರು ಮೈತುಂಬ ಬಟ್ಟೆ ಹಾಕುವುದಿಲ್ಲ ಎಂದು ಕಾಜಿಯಾಗಿ ಕೂಗಾಡಿದ. ಇದೆಲ್ಲ ಕಳೆದ ಮೇಲೂ ಒಂದು ಉಳಿಯುತ್ತದೆ. ಹೆಣ್ಣುಹುಡುಗಿಯರು ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ಕಲಿಯುವುದಕ್ಕೆಂದೇ ಮನೆಯಿಂದ ಹೊರಗೆ ಒಂದು ಜಾಗಕ್ಕೆ ಹೋಗುತ್ತಿದ್ದರು. ಅದು ನಮ್ಮ ಘಟ್ಟದ ಬುಡದಲ್ಲಿ, ಹೇರೆತ್ತು ನಡೆದು ಮುಟ್ಟುವಷ್ಟು ದೂರದಲ್ಲಿ.

ನಮ್ಮ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿದೆ, ಯುದ್ಧದಲ್ಲಿ ಸತ್ತವರ ಹೆಸರಿದೆ, ಗದ್ದೆಯ ಎಲ್ಲೆ ಇದೆ. ಮೊಸರು ಬಂದರೆ ಊಟ ಮುಗಿಯಿತು ಎನ್ನುವುದನ್ನು ಯಾವ ಕಲ್ಲಿನ ಮೇಲೂ ಕೊರೆದಿಲ್ಲ. ದಿನಾ ಕಾಣುವುದನ್ನು ಮನೆಯವರು ಬರೆಯುವುದಿಲ್ಲ. ಬಂದ ಪರದೇಶಿ ಬರೆಯುತ್ತಾನೆ. ಆ ಶಾಲೆಗಳಲ್ಲಿ ಕಲಿತವರಾಗಲಿ ಕಲಿಸಿದವರಾಗಲಿ ಬರೆದದ್ದು ಒಂದು ಸಾಲೂ ನನ್ನ ಕೈಗೆ ಸಿಗಲಿಲ್ಲ.

ಮುನ್ನೂರು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಕಳೆದ ಮೇಲೆ ಇನ್ನೊಬ್ಬ ಪರದೇಶಿ ಇದೇ ಹೊನ್ನಾವರಕ್ಕೆ ಬಂದು, ಅಲ್ಲಿಂದ ನಮ್ಮ ಘಟ್ಟವನ್ನೇ ಹತ್ತಿದ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ಇವನ ಕತೆ ಬೇರೆ ಬಗೆಯದು. ಬಾಗ್ದಾದಿನಲ್ಲಿ ಮಾನಿ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. 1621ರ ಕೊನೆಗೆ ಪರ್ಷಿಯಾದಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ಅವಳನ್ನು ಅಲ್ಲಿ ಮಣ್ಣುಮಾಡಿ ಬರಲು ಮನಸ್ಸಾಗದೆ, ದೇಹ ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೂ ತಂದ. ವರ್ಷಗಟ್ಟಲೆ ತಿರುಗಿ ಕೊನೆಗೆ ರೋಮಿಗೆ ಒಯ್ದು ತನ್ನ ಮನೆತನದವರ ಸಮಾಧಿಯಲ್ಲಿ ಇಟ್ಟ. ಇಂಥ ಮನುಷ್ಯ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ನೋಡಲು ಹೊರಟಿದ್ದ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ. ಆ ನದಿಯ ಚೆಲುವಿಗೆ ಮರುಳಾಗಿಬಿಟ್ಟಿದ್ದಾನೆ. ಗೇರುಸೊಪ್ಪೆ ಪಟ್ಟಣ ಮಾತ್ರ ಆಗಲೇ ಹಾಳುಬಿದ್ದು ಮರಗಿಡ ಬೆಳೆದಿತ್ತು.

ಘಟ್ಟದ ದಾರಿಯ ಒಂದು ಗುಡಿಯ ಜಗಲಿಯಲ್ಲಿ ಅವನು ಕಂಡ ನೋಟ ಇದು. ಹೊರೆ ಹೊರಿಸುವುದು ತಡವಾಗುತ್ತಿತ್ತು, ಸುಮ್ಮನೆ ನಿಂತಿದ್ದ. ನಾಲ್ಕು ಜನ ಗಂಡುಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ತುಂಬ ನುಣ್ಣಗಿನ ಮರಳು. ಒಬ್ಬ ರಾಗವಾಗಿ ಒಂದು ಅಂಕಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುವನು, ಉಳಿದವರು ಅದೇ ರಾಗದಲ್ಲಿ ಹೇಳಿ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವುದು. ಮಾಸ್ತರು ಇಲ್ಲದಾಗ ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದಿಲ್ಲವಲ್ಲ ಎಂದರಂತೆ ಆ ಹುಡುಗರು. ಕಾಗದದ ಖರ್ಚಿಲ್ಲದೆ ಕಲಿಯುವ ಈ ಉಪಾಯವನ್ನು ಅವನು ಬಹಳ ಮೆಚ್ಚಿಕೊಂಡ. ಜಾಣ ಮಕ್ಕಳೇ, ಅನುಮಾನವಿಲ್ಲ. ಆದರೆ ನಾಲ್ವರೂ ಗಂಡುಹುಡುಗರು.

ಅವನ ಪುಸ್ತಕದಲ್ಲಿ ಹೆಣ್ಣೊಬ್ಬಳು ಬರುವುದು ಇಕ್ಕೇರಿಯಲ್ಲಿ. ಡೋಲು ಬಾರಿಸುವವನೊಬ್ಬನ ಹೆಂಡತಿ. ಗಂಡ ಸತ್ತು ಹತ್ತೊಂಬತ್ತು ದಿನವಾಗಿತ್ತು. ಕುದುರೆಯ ಮೇಲೆ ಕೂತು, ಕೈಯಲ್ಲಿ ಕನ್ನಡಿ, ಲಿಂಬೆಹಣ್ಣು ಹಿಡಿದು ಬೀದಿಯಲ್ಲಿ ಹೋಗುತ್ತಿದ್ದವಳನ್ನು ಅವನು ಕಂಡ. ಆಮೇಲೆ ಅವಳ ಮನೆಗೇ ಹೋಗಿ ಮಾತಾಡಿಸಿದ. ಹೆಸರು ಕೇಳಿದ. 'ಜಿಯಕ್ಕಮ' ಎಂದು ಬರೆದುಕೊಂಡಿದ್ದಾನೆ, ಜಕ್ಕಮ್ಮ ಇರಬೇಕು. ಚಿಕ್ಕ ಮಕ್ಕಳಿದ್ದಾರಲ್ಲ, ಯಾಕೆ ಸಾಯುತ್ತೀ ಎಂದು ಕೇಳಿದ. ಯಾರ ಬಲವಂತವೂ ಇಲ್ಲ, ನನ್ನ ಮನಸ್ಸಿನಿಂದಲೇ ಎಂದಳಂತೆ. ಅವಳನ್ನು ತಡೆಯಲು ಅವನಿಂದ ಆಗಲಿಲ್ಲ. ನಿನ್ನ ಹೆಸರು ಅಳಿಯದಂತೆ ಬರೆಯುತ್ತೇನೆ ಎಂದು ಮಾತು ಕೊಟ್ಟ. ಹೆಂಡತಿಯ ದೇಹವನ್ನು ಬಿಟ್ಟಿರಲಾರದ ಗಂಡ, ಗಂಡನ ಹಿಂದೆ ಬೆಂಕಿಗೆ ಹೊರಟ ಹೆಂಡತಿ; ದುಭಾಷಿಯನ್ನು ನಡುವೆ ಕೂರಿಸಿಕೊಂಡು ಇವರಿಬ್ಬರೂ ಮಾತಾಡಿದ್ದನ್ನು ಎಣಿಸಿದರೆ ಇಂದಿಗೂ ನನಗೆ ಹೇಗೋ ಆಗುತ್ತದೆ. ಅವನು ಮಾತು ಉಳಿಸಿಕೊಂಡ. ಮೆಣಸಿನ ರಾಣಿಯನ್ನು ಬಿಟ್ಟರೆ, ಆ ಪುಟಗಳ ನಮ್ಮ ಸೀಮೆಯ ಹೆಂಗಸರಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಅವಳೇ. ಹೆಸರು ಬರೆಸಿಕೊಳ್ಳಲು ಅವಳು ಸಾಯಬೇಕಾಯಿತು.

ಇಷ್ಟೆಲ್ಲ ಓದುವಾಗ ನನ್ನ ಕಣ್ಣೆದುರು ಬಂದು ಕೂತಿದ್ದವಳು ನನ್ನ ಅಮ್ಮಮ್ಮ, ಅಪ್ಪಯ್ಯನ ತಾಯಿ. ಅವಳು ಹುಟ್ಟಿದ್ದು ಹೋದ ಶತಮಾನದ ಮೊದಲ ವರ್ಷಗಳಲ್ಲಿ. ಅವಳ ಅಣ್ಣಂದಿರಿಗೆ ಮನೆಯ ಜಗಲಿಯಲ್ಲೇ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದರು. ದೆಲ್ಲಾ ವಾಲ್ಲೆ ಕಂಡದ್ದೇ ಕ್ರಮ, ಮೂರು ಶತಮಾನದ ಮೇಲೂ. ಪಾಠ ಮುಗಿದ ಮೇಲೆ ಮರಳನ್ನು ಗುಡಿಸಿ ಬುಟ್ಟಿಗೆ ತುಂಬುವುದು ಅಮ್ಮಮ್ಮನ ಕೆಲಸ. ಗುಡಿಸುವ ಮುಂಚೆ ಒಂದು ಗಳಿಗೆ ನಿಂತು ನೋಡುತ್ತಿದ್ದಳಂತೆ. ಹಾಗೆ ನೋಡಿ ನೋಡಿ ಅಂಕಿ ಅಷ್ಟು ಕಲಿತಳು. ಅಕ್ಷರ ಹಿಡಿಯುವ ಹೊತ್ತಿಗೆ ಮದುವೆಯಾಗಿತ್ತು. ನಮ್ಮ ಮನೆಯ ಅಟ್ಟದ ಗೋಡೆಯ ಮೇಲೆ ಅಡಿಕೆ ಕೊನೆಯ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಅವಳು ಸುಣ್ಣದಲ್ಲಿ ಬರೆದದ್ದಿರುತ್ತಿತ್ತು. ಒಂದೂ ತಪ್ಪುತ್ತಿರಲಿಲ್ಲ. ಅಕ್ಷರ ಮಾತ್ರ ಬಾರದು. ನನ್ನ ಶಾಲೆಯ ಪುಸ್ತಕ ಎತ್ತಿಕೊಂಡು ದೀಪದ ಹತ್ತಿರ ಹಿಡಿದು, ಒಂದೊಂದು ಪುಟವನ್ನೂ ಓದಿದವಳ ಹಾಗೆ ಮಗುಚುವಳು. "ಯಂಗೆ ಓದಲೆ ಬತ್ತಿಲ್ಲೆ, ನೋಡಲೆ ಬತ್ತು" ಎನ್ನುವಳು.

ಅವಳಿಗೆ ತವರಿನವರು ಕೊಟ್ಟ ದುಡ್ಡಿನಲ್ಲಿ ತೆಗೆದ ಹತ್ತು ಗುಂಟೆ ತೋಟ ಅವಳ ಹೆಸರಿನಲ್ಲೇ ಇತ್ತು. ಅದರ ಅಡಿಕೆಯನ್ನು ಮನೆಗೆ ಕೊಡುತ್ತಿದ್ದಳು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯದು ಮಾತ್ರ ಅವಳ ಕೈದುಡ್ಡು. ಹೆಣ್ಣುಮಕ್ಕಳು ಬಾಣಂತನಕ್ಕೆ ಬಂದರೆ, ಮೊಮ್ಮಕ್ಕಳ ಕಿವಿಯ ಓಲೆ ಮುರಿದರೆ, ಆ ಮೆಣಸಿನ ದುಡ್ಡೇ ಹೊರಗೆ ಬರುತ್ತಿತ್ತು. ಅಜ್ಜ ತೀರಿಕೊಂಡ ವರ್ಷ, ಸೂತಕ ಕಳೆದು ಕೆಲವು ದಿನವಾಗಿತ್ತು. ಮನೆಯವರೇ ಒಬ್ಬರು ಒಂದು ಕಾಗದ ತಂದು, ಪಾಲಿನ ಕೆಲಸಕ್ಕೆ ಬೇಕು, ಇಲ್ಲೊಂದು ಹೆಬ್ಬೆಟ್ಟು ಒತ್ತು ಎಂದರು. ಒತ್ತಿದಳು. ಅದೇನೆಂದು ಗೊತ್ತಾಗಿದ್ದು ಮುಂದಿನ ಮಾಘದಲ್ಲಿ, ಅವಳ ಬಳ್ಳಿಯ ಮೆಣಸು ಬೇರೆಯವರ ಅಂಗಳದಲ್ಲಿ ಒಣಗಲು ಬಿದ್ದಾಗ. ಅಮ್ಮಮ್ಮ ಜಗಳ ಮಾಡಲಿಲ್ಲ. ಗೋಡೆಯ ಮೇಲೆ ತನ್ನ ಮೆಣಸಿನ ಲೆಕ್ಕ ಬರೆಯುತ್ತಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು ಎಂದು ಆಯಿ ಹೇಳುತ್ತಿದ್ದಳು. ಆಯಿ ಮನೆಗೆ ಸೊಸೆಯಾಗಿ ಬಂದ ಹೊಸತು ಅದು. ಅವಳು ನಾಲ್ಕನೆಯ ಇಯತ್ತೆ ಓದಿದವಳು. ಆ 'ಕಾಗದ' ಮೊದಲು ತನ್ನ ಕೈಗೆ ಕೊಟ್ಟಿದ್ದರೆ ಓದಿ ಹೇಳುತ್ತಿದ್ದೆ ಎನ್ನುವ ಸಂಕಟ ಅವಳಿಗೆ ಕಡೆಯವರೆಗೂ ಇತ್ತು. ಆದರೆ ಹೊಸ ಸೊಸೆಯ ಕೈಗೆ ಕಾಗದ ಕೊಡುವವರು ಯಾರು?

ಹೊನ್ನಾವರದ 13 ಶಾಲೆಯ ಸಾಲನ್ನು ಆಯಿಗೆ ಓದಿ ಹೇಳಿದಾಗ ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಕವಳದ ಬಟ್ಟಲನ್ನು ಹತ್ತಿರ ಎಳೆದುಕೊಂಡು ಎಲೆಯ ನಾರು ತೆಗೆಯುತ್ತ ಕೂತಳು. "ಹದಿಮೂರಾ?" ಎಂದಳು. ಹೌದು ಎಂದೆ. "ನಮ್ಮನೆ ಅತ್ತೆಗೆ ಒಂದು ಸಾಕಿತ್ತು" ಎಂದಳು.

ಆ ಮೇಲೆ ಇಡಗುಂಜಿಗೆ ಹೋಗುವಾಗೆಲ್ಲ ಹೊನ್ನಾವರದಲ್ಲಿ ಇಳಿದು ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹೋಗುವುದು ನನಗೆ ರೂಢಿಯಾಯಿತು. ನದಿ ಕಡಲು ಸೇರುವ ಕಡೆ ನಿಂತರೆ ಮೀನಿನ ದೋಣಿಗಳು, ಆಚೆ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲಿನ ಸೇತುವೆ. ದೊಡ್ಡ ಹಡಗು ಬರುತ್ತಿದ್ದ ಆ ಕೊಲ್ಲಿ, ಜಮಾಲುದ್ದೀನನ 52 ಹಡಗು ಹೊರಟ ದಡ ಇದೇ ಎಂದು ಯಾವ ಹಲಗೆಯೂ ಹೇಳುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಈ ನೀರು ಉಕ್ಕಿ ಒಡೆಯುತ್ತದೆ, ಮೀನು ಹಿಡಿಯುವವರ ಹೊರತು ಯಾರೂ ಇಳಿಯುವುದಿಲ್ಲ ಎಂದು ಅವನು ಹೇಳಿದ್ದು ಮಾತ್ರ ಕಣ್ಣಿಗೆ ಕಾಣುವಂತಿದೆ. ಸಂಜೆ ನಾಲ್ಕೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯರ ಗದ್ದಲ. ಚೂಡಿದಾರದವರು, ಬುರ್ಖಾದವರು, ಯೂನಿಫಾರಂನವರು, ಬೆನ್ನಿಗೆ ಒಂದೊಂದು ಮೂಟೆ ಪುಸ್ತಕ. ಗೇರುಸೊಪ್ಪೆಯ ಬಸ್ಸು ಬಂದರೆ ಸೀಟಿಗಾಗಿ ಕಿಟಕಿಯಿಂದ ಚೀಲ ಎಸೆಯುತ್ತಾರೆ. ನಾನು ಎಣಿಸಲು ಹೋಗಿ ಪ್ರತಿ ಸಲವೂ ಲೆಕ್ಕ ತಪ್ಪಿದ್ದೇನೆ.

ಆಯಿ ತೀರಿಕೊಳ್ಳುವ ಹಿಂದಿನ ವರ್ಷ ತವರಿಗೆ ಹೋಗಿದ್ದೆ. ಅಟ್ಟದ ಹಳೆಯ ಪೆಟ್ಟಿಗೆಯಲ್ಲಿ ಆ ಕಾಗದದ ನಕಲು ಇತ್ತು. ಆಯಿ ಅದನ್ನು ತೆಗೆಸಿ ನನ್ನ ಕೈಗೆ ಕೊಟ್ಟು, "ಒಂದು ಸಲ ದೊಡ್ಡಕೆ ಓದು" ಎಂದಳು. ಹಳೆಯ ಕಚೇರಿ ಕನ್ನಡ. ಅರ್ಧಕ್ಕರ್ಧ ಅರ್ಥವಾಗದ ಮಾತು. ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವರ ತೋಟ, ತೆಂಕಲಿಗೆ ಕಾಲುದಾರಿ ಎಂದು ಎಲ್ಲೆಗಳನ್ನು ಓದಿದೆ. ಮರಗಳ ಲೆಕ್ಕ ಓದಿದೆ. ಮೆಣಸಿನ ಬಳ್ಳಿ ಸಮೇತ ಎಂದಿತ್ತು, ಅದನ್ನೂ ಓದಿದೆ. ಕೊನೆಗೆ ಅಮ್ಮಮ್ಮನ ಹೆಸರು, ಅದರ ಮುಂದೆ 'ಎಡಗೈ ಹೆಬ್ಬೆಟ್ಟಿನ ಗುರುತು' ಎಂದಿತ್ತು. ಆಯಿ ಪೂರಾ ಕೇಳಿಸಿಕೊಂಡು, ಕಾಗದ ಮಡಚಿ ಇಸಕೊಂಡು, ಬಿಸಿನೀರಿಗೆ ಇಡಲು ಒಳಗೆ ಹೋದಳು.